ಮಹಾರಾಜರ ಪಿಯಾನೊ, ನನ್ನ ಕೀಬೋರ್ಡು

ನಮ್ಮ ಮನೆ ಇರುವುದು ಬನ್ನಿಮಂಟಪದಲ್ಲಿ. ದಸರಾ ಹತ್ತಿರ ಬಂತೆಂದರೆ ಸಂಜೆ ಹೊತ್ತು ಓದಲು ಕೂರುವುದೇ ಕಷ್ಟ. ಪಂಜಿನ ಕವಾಯತಿನ ಮೈದಾನದಲ್ಲಿ ತಾಲೀಮು ಶುರುವಾಗಿರುತ್ತದೆ. ಕುದುರೆಗಳ ಓಟ, ಬೂಟಿನ ಸಪ್ಪಳ, ಮೈಕಿನಲ್ಲಿ ಯಾರೋ ಎಣಿಸುವ ದನಿ, ನಡುನಡುವೆ ಪೊಲೀಸ್ ಬ್ಯಾಂಡು. ಹುಟ್ಟಿದಾಗಿನಿಂದ ಕೇಳುತ್ತಿರುವುದರಿಂದ ಬ್ಯಾಂಡು ನನಗೆ ಬಸ್ಸಿನ ಹಾರ್ನ್ ಇದ್ದಂತೆ, ಕಿವಿಗೆ ಬಿದ್ದರೂ ಕೇಳಿಸುತ್ತಿರಲಿಲ್ಲ. ಕಳೆದ ದಸರಾದಲ್ಲಿ ಮಾತ್ರ ಹಾಗಾಗಲಿಲ್ಲ. ಮೇಲೆ ಟ್ರಂಪೆಟ್‌ಗಳು ಟ್ಯೂನ್ ನುಡಿಸುತ್ತಿದ್ದರೆ, ಕೆಳಗೆ ಆ ದೊಡ್ಡ ಹಿತ್ತಾಳೆ ವಾದ್ಯಗಳು ಯಾವ ಸ್ವರ ಹಿಡಿದಿವೆ, ಒಂದು ಕಾರ್ಡಿನಿಂದ ಇನ್ನೊಂದಕ್ಕೆ ಹೇಗೆ ಜಾರುತ್ತಿವೆ ಎಂದು ಕಿಟಕಿಯ ಹತ್ತಿರ ನಿಂತು ಹುಡುಕತೊಡಗಿದೆ. ಮೇಜಿನ ಮೇಲೆ ಆಪ್ಟಿಟ್ಯೂಡ್ ಪುಸ್ತಕ ತೆರೆದೇ ಇತ್ತು.

ಒಂದೂವರೆ ವರ್ಷದಿಂದ ನಾನು ಜಾಝ್ ಪಿಯಾನೊ ಕಲಿಯುತ್ತಿದ್ದೇನೆ. ಪಿಯಾನೊ ಅಂತ ಹೆಸರಿಗೆ. ನನ್ನ ಹತ್ತಿರ ಇರುವುದು 61 ಕೀಗಳ ಸೆಕೆಂಡ್ ಹ್ಯಾಂಡ್ ಕೀಬೋರ್ಡು. ಮೇಲಿನ ಒಂದು ಎಫ್ ಒತ್ತಿದರೆ ಸದ್ದೇ ಬರುವುದಿಲ್ಲ. ಕಲಿಸುವ ಸರ್ ನಮ್ಮ ಬಡಾವಣೆಯವರೇ. ಭಾನುವಾರ ಚರ್ಚಿನ ಕಾಯರ್‌ಗೆ, ಮದುವೆ ಸೀಸನ್ನಿನಲ್ಲಿ ಆರ್ಕೆಸ್ಟ್ರಾಕ್ಕೆ ಕೀಬೋರ್ಡ್ ನುಡಿಸುತ್ತಾರೆ. ನಾನು ಬಿಇ ಮೂರನೇ ವರ್ಷ. ಅಪ್ಪ ಬಸ್ ಡ್ರೈವರ್. ನನ್ನ ಸಂಗೀತದ ಬಗ್ಗೆ ಅಪ್ಪನಿಗೆ ಸಿಟ್ಟೇನೂ ಇಲ್ಲ. ಆದರೆ ಮುಂದಿನ ಸೆಮಿಸ್ಟರ್‌ನಿಂದ ಕಂಪನಿಗಳು ಬರುತ್ತವೆ, ಅಲ್ಲಿಯವರೆಗೆ ಅದನ್ನು ಬಟ್ಟೆಯಲ್ಲಿ ಸುತ್ತಿ ಅಟ್ಟದ ಮೇಲೆ ಇಡು, ಕೆಲಸ ಸಿಕ್ಕಮೇಲೆ ಒಳ್ಳೆಯದನ್ನೇ ತಗೊಳ್ಳುವಂತೆ ಎಂದು ಒಂದು ರಾತ್ರಿ ಊಟ ಮಾಡುತ್ತಾ ಹೇಳಿದರು. ಅವರು ಹೇಳಿದ್ದರಲ್ಲಿ ತಪ್ಪು ಹುಡುಕಲು ನನಗೆ ಆಗಲಿಲ್ಲ. ಸಂಕಟ ಆಗಿದ್ದೇ ಅದಕ್ಕೆ.

ಆ ವಾರ ಕ್ಲಾಸಿಗೆ ಹೋದಾಗ ನನ್ನ ಮುಖ ನೋಡಿ ಸರ್ ವಿಷಯ ಕೇಳಿದರು. ಎಲ್ಲ ಕೇಳಿಸಿಕೊಂಡು, ಇದೇ ಊರಿನಲ್ಲಿ ನಿನ್ನದೇ ವಯಸ್ಸಿನಲ್ಲಿ ಪಿಯಾನೊ ಬಿಡಬೇಕಾಗಿ ಬಂದ ಇನ್ನೊಬ್ಬರಿದ್ದರು, ಗೊತ್ತಾ ಎಂದರು. ಗೊತ್ತಿರಲಿಲ್ಲ. ಜಯಚಾಮರಾಜ ಒಡೆಯರ್ ಎಂದಾಗ ನನಗೆ ನಗು ಬಂತು. ನನ್ನ ಕ್ಲಾಸ್‌ಮೇಟ್‌ಗಳ ಅರ್ಧ ಸ್ನೇಹಿತರು ಓದುವುದು ಎಸ್‌ಜೆಸಿಇಯಲ್ಲಿ. 1963ರಲ್ಲಿ ಶುರುವಾದ ಆ ಕಾಲೇಜಿನ ಹೆಸರಿನಲ್ಲಿರುವ ಜೆ ಅವರೇ. ಬೆಂಗಳೂರಿನ ಜೆ.ಸಿ. ರಸ್ತೆಯೂ ಅವರದೇ. ಹೆಸರನ್ನು ದಿನಾ ಹೇಳುತ್ತೇವೆ, ಮನುಷ್ಯ ಯಾರೆಂದು ಗೊತ್ತಿಲ್ಲ. ಮನೆಗೆ ಬಂದು ಓದುತ್ತಾ ಹೋದೆ. ಆಪ್ಟಿಟ್ಯೂಡ್ ಪುಸ್ತಕ ಇನ್ನೂ ಒಂದಷ್ಟು ದಿನ ಹಾಗೇ ತೆರೆದಿತ್ತು.

ಅವರು ಹುಟ್ಟಿದ್ದು 1919ರ ಜುಲೈ 18ರಂದು. ತಂದೆ ಯುವರಾಜ ಕಂಠೀರವ ನರಸಿಂಹರಾಜ ಒಡೆಯರ್. ಮಹಾರಾಜರಾಗಿದ್ದ ನಾಲ್ವಡಿ ಕೃಷ್ಣರಾಜ ಒಡೆಯರ್ ದೊಡ್ಡಪ್ಪ. ನಾಲ್ವಡಿಯವರಿಗೆ ಮಕ್ಕಳಿರಲಿಲ್ಲ. ಆದ್ದರಿಂದ ಸಿಂಹಾಸನ ತಮ್ಮನಿಗೆ, ತಮ್ಮನ ನಂತರ ಅವರ ಒಬ್ಬನೇ ಮಗನಿಗೆ ಎಂಬುದು ಲೆಕ್ಕ. ಅಂದರೆ ಹುಡುಗನ ಮುಂದೆ ಇಬ್ಬರು ಹಿರಿಯರಿದ್ದರು. ಅವನ ಸರದಿ ಬರುವುದಕ್ಕೆ ಬಹಳ ಸಮಯವಿದೆ ಎಂದೇ ಎಲ್ಲರೂ ಅಂದುಕೊಂಡಿರಬೇಕು.

ಆಗಿನ ಅರಮನೆಯಲ್ಲಿ ಎರಡು ಸಂಗೀತಗಳೂ ಇದ್ದವು. ನಾಲ್ವಡಿಯವರು ಸ್ವತಃ ಹಲವು ವಾದ್ಯ ನುಡಿಸುತ್ತಿದ್ದರು. ಆಸ್ಥಾನದಲ್ಲಿ ಮೈಸೂರು ವಾಸುದೇವಾಚಾರ್ಯರಂಥ ವಾಗ್ಗೇಯಕಾರರಿದ್ದರು, ಇನ್ನೊಂದು ಕಡೆ ಪಾಶ್ಚಾತ್ಯ ವಾದ್ಯಗಳ ಬ್ಯಾಂಡೂ ಇತ್ತು. ಈಗಲೂ ಮೈಸೂರಿನಲ್ಲಿ ಪೊಲೀಸರ ಕರ್ನಾಟಕ ವಾದ್ಯವೃಂದ ಬೇರೆ, ಇಂಗ್ಲಿಷ್ ಬ್ಯಾಂಡ್ ಬೇರೆ ಎಂದು ಎರಡಿರುವುದು ಅರಮನೆಯ ಆ ಕಾಲದ ಬಳುವಳಿ. ನಮ್ಮ ಮನೆ ಕಿಟಕಿಗೆ ಬರುವ ಸದ್ದಿನ ಬೇರು ಅಲ್ಲಿದೆ.

ಜಯಚಾಮರಾಜರನ್ನು ಹಿಡಿದದ್ದು ಪಿಯಾನೊ. ಓದಿನಲ್ಲೂ ಅವರು ಹಿಂದೆ ಬಿದ್ದವರಲ್ಲ. 1938ರಲ್ಲಿ ಮಹಾರಾಜ ಕಾಲೇಜಿನಿಂದ ಚಿನ್ನದ ಪದಕಗಳೊಂದಿಗೆ ಬಿಎ ಮುಗಿಸಿದರು. ಮನಸ್ಸು ಮಾತ್ರ ಕಛೇರಿ ಪಿಯಾನಿಸ್ಟ್ ಆಗುವುದರ ಮೇಲಿತ್ತು. ರಾಜಮನೆತನದವರ ಹವ್ಯಾಸ ಅಂತ ತಳ್ಳಿಹಾಕಬೇಡಿ. ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಷಿಯೇಟ್ ಅವರಿಗೆ ಸಿಕ್ಕಿತ್ತು. 1945ರಲ್ಲಿ ಅಲ್ಲಿನ ಟ್ರಿನಿಟಿ ಕಾಲೇಜ್ ಆಫ್ ಮ್ಯೂಸಿಕ್ ಗೌರವ ಫೆಲೋಶಿಪ್ ಕೊಟ್ಟಿತು.

1940ರ ಮಾರ್ಚ್‌ನಲ್ಲಿ ತಂದೆ ಮುಂಬೈಯಲ್ಲಿ ತೀರಿಕೊಂಡರು. ಐದು ತಿಂಗಳು ಕಳೆಯುವುದರೊಳಗೆ, ಆಗಸ್ಟ್ 3ರಂದು ದೊಡ್ಡಪ್ಪನೂ ಹೋದರು. ಮುಂದಿದ್ದ ಇಬ್ಬರು ಹಿರಿಯರೂ ಒಂದೇ ವರ್ಷದಲ್ಲಿ ಇಲ್ಲವಾದರು. ಸೆಪ್ಟೆಂಬರ್ 8ರಂದು ಜಯಚಾಮರಾಜರು ಪಟ್ಟಕ್ಕೆ ಬಂದರು. ಅವರಿಗೆ 21 ತುಂಬಿ ಎರಡು ತಿಂಗಳಷ್ಟೇ ಆಗಿತ್ತು. ಪಿಯಾನೊ ವೇದಿಕೆಯ ಆಸೆ ಅಲ್ಲಿಗೆ ಮುಗಿಯಿತು.

ನನಗೆ ಮುಂದಿನ ವರ್ಷ 21.

ಇಲ್ಲಿ ಸ್ವಲ್ಪ ನಿಂತು, ನಾನು ಕಲಿಯುತ್ತಿರುವುದು ಏನು ಅಂತ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಮುಂದಿನದು ಅರ್ಥವಾಗದು. ನಮ್ಮ ಸಂಗೀತದಲ್ಲಿ ಒಂದು ಹೊತ್ತಿಗೆ ಒಂದು ಸ್ವರ ನಡೆಯುತ್ತದೆ, ಜೊತೆಗೆ ಶ್ರುತಿ ಇರುತ್ತದೆ. ಪಾಶ್ಚಾತ್ಯ ಸಂಗೀತದಲ್ಲಿ ಮೂರು ನಾಲ್ಕು ಸ್ವರ ಒಟ್ಟಿಗೆ ನುಡಿಯುತ್ತವೆ. ಆ ಗುಂಪೇ ಕಾರ್ಡ್. ಕಾರ್ಡುಗಳು ಒಂದಾದ ಮೇಲೆ ಒಂದು ಬರುವ ದಾರಿ ಪ್ರೋಗ್ರೆಶನ್. ಜಾಝ್‌ನಲ್ಲಿ ಅತಿ ಹೆಚ್ಚು ಓಡಾಡುವ ದಾರಿ ಎರಡು–ಐದು–ಒಂದು. ಸಿ ಮೇಜರ್‌ನಲ್ಲಾದರೆ ಡಿ ಮೈನರ್ ಸೆವೆನ್, ಜಿ ಸೆವೆನ್, ಆಮೇಲೆ ಸಿ ಮೇಜರ್ ಸೆವೆನ್. ಮೊದಲನೆಯದು ಮನೆಯಿಂದ ಹೊರಗೆ ಕರೆದೊಯ್ಯುತ್ತದೆ, ಎರಡನೆಯದು ತಡೆಯಲಾಗದಂತೆ ಎಳೆಯುತ್ತದೆ, ಮೂರನೆಯದು ಮನೆ. ಈ ಮೂರನ್ನು 12 ಶ್ರುತಿಯಲ್ಲೂ ಕಣ್ಣು ಮುಚ್ಚಿ ನುಡಿಸಲು ಬಂದರೆ ಹಳೆಯ ಜಾಝ್ ಹಾಡುಗಳ ಬಹುಪಾಲು ಕೈಗೆ ಸಿಕ್ಕ ಹಾಗೆ.

ಮೊದಲ ಆರು ತಿಂಗಳು ನಾನು ಪ್ರತಿ ಕಾರ್ಡಿನ ನಾಲ್ಕೂ ಸ್ವರಗಳನ್ನು ಎಡಗೈಯಲ್ಲಿ ಸಾಲಾಗಿ ಒತ್ತುತ್ತಿದ್ದೆ. ಕೈ ಕಪ್ಪೆಯ ಹಾಗೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹಾರುತ್ತಿತ್ತು. ಸದ್ದು ಕೆಸರು. ಒಂದು ದಿನ ಸರ್ ನನ್ನ ಎಡಗೈಯಲ್ಲಿ ಎರಡೇ ಬೆರಳು ಉಳಿಸಿ ಮಿಕ್ಕಿದ್ದನ್ನು ತೆಗೆಸಿಬಿಟ್ಟರು. ಪ್ರತಿ ಕಾರ್ಡಿನಲ್ಲೂ ಮೂರನೆಯ ಸ್ವರ ಮತ್ತು ಏಳನೆಯ ಸ್ವರ, ಅಷ್ಟೇ. ಕಾರ್ಡಿನ ಗುಣ ಇರುವುದು ಆ ಎರಡರಲ್ಲಿ. ಕಾರ್ಡ್ ಮೇಜರೋ ಮೈನರೋ ಎಂದು ಮೂರನೆಯದು ಹೇಳುತ್ತದೆ. ಅದು ನೆಮ್ಮದಿಯಾಗಿದೆಯೋ, ಎಲ್ಲಿಗೋ ಹೋಗಲು ತವಕಿಸುತ್ತಿದೆಯೋ ಎಂದು ಏಳನೆಯದು ಹೇಳುತ್ತದೆ. ಡಿ ಮೈನರ್ ಸೆವೆನ್‌ನಲ್ಲಿ ಆ ಎರಡು ಸ್ವರ ಎಫ್ ಮತ್ತು ಸಿ. ಜಿ ಸೆವೆನ್‌ನಲ್ಲಿ ಎಫ್ ಮತ್ತು ಬಿ. ಸಿ ಮೇಜರ್ ಸೆವೆನ್‌ನಲ್ಲಿ ಇ ಮತ್ತು ಬಿ. ಕೀಬೋರ್ಡ್ ಇದ್ದವರು ನುಡಿಸಿ ನೋಡಿ. ಮೊದಲಿನಿಂದ ಎರಡನೆಯದಕ್ಕೆ ಹೋಗುವಾಗ ಸಿ ಮಾತ್ರ ಒಂದು ಕೀ ಕೆಳಗಿಳಿದು ಬಿ ಆಗುತ್ತದೆ. ಎಫ್ ಅಲ್ಲೇ ಇರುತ್ತದೆ. ಎರಡರಿಂದ ಮೂರಕ್ಕೆ ಹೋಗುವಾಗ ಎಫ್ ಒಂದು ಕೀ ಇಳಿದು ಇ ಆಗುತ್ತದೆ. ಬಿ ಅಲ್ಲೇ ಇರುತ್ತದೆ. ಮೂರು ಕಾರ್ಡ್ ದಾಟಲು ಎರಡು ಬೆರಳು, ಒಂದೊಂದು ಹೆಜ್ಜೆ. ನಮ್ಮ ಸ್ವರಗಳಲ್ಲಿ ಹೇಳಿದರೆ ಸ ಇಳಿದು ನಿ ಆಯಿತು, ಮ ಇಳಿದು ಗ ಆಯಿತು. ಹೀಗೆ ಕಾರ್ಡಿನ ಯಾವ ಸ್ವರವನ್ನು ಇಟ್ಟುಕೊಂಡು, ಯಾವುದನ್ನು ಬಿಟ್ಟು, ಎಲ್ಲಿ ಇಡಬೇಕು ಎಂಬ ಲೆಕ್ಕಕ್ಕೆ ವಾಯ್ಸಿಂಗ್ ಅನ್ನುತ್ತಾರೆ.

ಅದಾದ ಮೇಲೆ ಬಲಗೈಗೆ ಒಂದೊಂದೇ ಬಣ್ಣ ಸೇರಿಸುವುದು. ಮುಂದಿನ ಮೆಟ್ಟಿಲಿನಲ್ಲಿ ಕಾರ್ಡಿನ ಮೂಲ ಸ್ವರವನ್ನೇ ಬಿಟ್ಟುಬಿಡುತ್ತಾರೆ. ಅದನ್ನು ಬೇಸ್ ನುಡಿಸುವವನು ನೋಡಿಕೊಳ್ಳುತ್ತಾನೆ. ಬಿಲ್ ಇವಾನ್ಸ್ ಕೈಯಲ್ಲಿ ಇದನ್ನು ಕೇಳಬೇಕು. ಡಿ ಮೈನರ್‌ಗೆ ಎಫ್, ಎ, ಸಿ, ಇ. ಜಿ ಸೆವೆನ್‌ಗೆ ಎಫ್, ಎ, ಬಿ, ಇ. ನಾಲ್ಕು ಬೆರಳಲ್ಲಿ ಒಂದೇ ಬೆರಳು ಕದಲುತ್ತದೆ, ಆದರೆ ಕೋಣೆಯ ಬೆಳಕೇ ಬದಲಾದಂತೆ ಕೇಳಿಸುತ್ತದೆ. ಇದು ಮೊದಲ ಸಲ ನನ್ನ ಕೈಗೆ ಬಂದ ರಾತ್ರಿ ಒಂದು ಗಂಟೆಯವರೆಗೆ ಹೆಡ್‌ಫೋನ್ ಹಾಕಿಕೊಂಡು ಇಷ್ಟನ್ನೇ ನುಡಿಸುತ್ತಿದ್ದೆ. ಮಾರನೆಯ ದಿನ ಇಂಟರ್ನಲ್ಸ್ ಇತ್ತು. ಅದರ ಮಾರ್ಕ್ಸ್ ಇಲ್ಲಿ ಬೇಡ.

ಈಗ ಮಹಾರಾಜರ ವಿಷಯಕ್ಕೆ ಬರೋಣ. ಅವರ ಒಲವು ಜಾಝ್ ಕಡೆ ಅಲ್ಲ, ಯೂರೋಪಿನ ಶಾಸ್ತ್ರೀಯ ಪಿಯಾನೊ ಕಡೆ. ಆದರೆ ಐದರಿಂದ ಒಂದಕ್ಕೆ ಎಳೆಯುವ ಆ ಸೆಳೆತ ಎರಡು ಮನೆಗೂ ಒಂದೇ. ಆ ಸೆಳೆತವನ್ನು ಪ್ರಾಣದಂತೆ ನಂಬಿದ್ದ ಒಬ್ಬ ಸಂಗೀತಗಾರನನ್ನು ಮೈಸೂರಿನ ಮಹಾರಾಜರು ಹುಡುಕಿ ಹಿಡಿದರು. ಹೆಸರು ನಿಕೊಲಾಯ್ ಮೆಟ್ನರ್. ರಷ್ಯಾದವರು, 1880ರಲ್ಲಿ ಹುಟ್ಟಿದವರು, ಪಿಯಾನೊ ಕೃತಿಕಾರ. ರಾಖ್ಮನಿನಾಫ್ ಅವರ ಆಪ್ತ ಗೆಳೆಯ. ರಾಖ್ಮನಿನಾಫ್ ತಮ್ಮ ನಾಲ್ಕನೆಯ ಪಿಯಾನೊ ಕಾನ್ಸರ್ಟೊವನ್ನು ಮೆಟ್ನರ್‌ಗೆ ಅರ್ಪಿಸಿದರೆ, ಮೆಟ್ನರ್ ತಮ್ಮ ಎರಡನೆಯದನ್ನು ಅವರಿಗೆ ಅರ್ಪಿಸಿದರು. ಒಬ್ಬರು ಲೋಕಪ್ರಸಿದ್ಧರಾದರು. ಇನ್ನೊಬ್ಬರು 1921ರಲ್ಲಿ ದೇಶ ಬಿಟ್ಟು, ಕೊನೆಗೆ ಲಂಡನ್ ಸೇರಿ, ಪಾಠ ಹೇಳಿಕೊಂಡು ಬದುಕಿದರು. ಸುತ್ತಲಿನವರು ಹಳೆಯ ಶ್ರುತಿ ನಿಯಮಗಳನ್ನು ಬಿಟ್ಟು ಹೊಸ ಸಂಗೀತ ಕಟ್ಟುತ್ತಿದ್ದಾಗ, ಅದು ದಾರಿ ತಪ್ಪಿದ ಫ್ಯಾಷನ್ ಎಂದು 1935ರಲ್ಲಿ ಪುಸ್ತಕವನ್ನೇ ಬರೆದರು. ನನ್ನ ಜಾಝ್ ಕಾರ್ಡುಗಳನ್ನು ಕೇಳಿಸಿದ್ದರೆ ಕೋಣೆಯಿಂದ ಎದ್ದು ಹೋಗುತ್ತಿದ್ದರೇನೋ. ಯುದ್ಧ ಬಂತು, ಪಾಠಗಳು ನಿಂತವು. 1942ರಲ್ಲಿ ಹೃದಯಾಘಾತವಾಯಿತು. ಶಿಷ್ಯೆಯೊಬ್ಬರ ಆಸರೆಯಲ್ಲಿ ಇದ್ದುಕೊಂಡೇ ಮೂರನೆಯ ಕಾನ್ಸರ್ಟೊ ಬರೆದು ಮುಗಿಸಿದರು.

ಇಂಥವರಿಗೆ ಯುದ್ಧ ಮುಗಿದ ಮೇಲೆ ಮೈಸೂರಿನಿಂದ ಸಹಾಯ ಬಂತು. ಅವರ ಕೃತಿಗಳನ್ನು ಅವರೇ ನುಡಿಸಿ ಧ್ವನಿಮುದ್ರಿಸಬೇಕು, ಖರ್ಚು ಮಹಾರಾಜರದು. ಕೆಲಸ ಎಚ್‌ಎಂವಿಗೆ ಹೋಯಿತು. ಅಲ್ಲಿನ ನಿರ್ಮಾಪಕ ವಾಲ್ಟರ್ ಲೆಗ್ ಮೈಸೂರಿಗೇ ಬಂದರು. ಇನ್ನೂ 30 ತುಂಬದ ಮಹಾರಾಜರ ಹತ್ತಿರ ದೊಡ್ಡ ದೊಡ್ಡ ಸ್ಪೀಕರುಗಳು, ಹಲವು ಗ್ರ್ಯಾಂಡ್ ಪಿಯಾನೊಗಳು ಮತ್ತು ರೆಕಾರ್ಡುಗಳ ಭಾರೀ ಸಂಗ್ರಹ ಇರುವುದನ್ನು ಕಂಡು ಬೆರಗಾದರು. ಆ ಸಂಗ್ರಹದಲ್ಲಿ ಸುಮಾರು 20,000 ರೆಕಾರ್ಡುಗಳಿದ್ದವೆಂದು ಅಂದಾಜು. 1947ರಲ್ಲಿ, 67ರ ಮೆಟ್ನರ್ ಆರ್ಕೆಸ್ಟ್ರಾದೊಂದಿಗೆ ಕೂತು ತಮ್ಮ ಕಾನ್ಸರ್ಟೊಗಳನ್ನು ನುಡಿಸಿದರು. ಆಗಿನ 78 ಆರ್‌ಪಿಎಂ ತಟ್ಟೆಯ ಒಂದು ಮಗ್ಗುಲಲ್ಲಿ ನಾಲ್ಕೈದು ನಿಮಿಷಕ್ಕಿಂತ ಹೆಚ್ಚು ಹಿಡಿಸದು. ಅರ್ಧ ಗಂಟೆಗೂ ಮೀರಿದ ಕೃತಿಯನ್ನು ತುಂಡು ತುಂಡಾಗಿ ನುಡಿಸಬೇಕು, ತಪ್ಪಾದರೆ ಆ ಮಗ್ಗುಲನ್ನು ಮೊದಲಿನಿಂದ. ಹೃದಯದ ರೋಗಿ ಆ ಕೆಲಸ ಮಾಡಿದರು. ಮೂರನೆಯ ಕಾನ್ಸರ್ಟೊವನ್ನು ಮೈಸೂರು ಮಹಾರಾಜರಿಗೆ ಅರ್ಪಿಸಿದರು. ಮಹಾರಾಜರ ನೆರವಿನಿಂದ ಮೆಟ್ನರ್ ಸೊಸೈಟಿ ಸ್ಥಾಪನೆಯಾಯಿತು. 1951ರಲ್ಲಿ ಮೆಟ್ನರ್ ತೀರಿಕೊಂಡರು. ಆ ಕೈಗಳ ನುಡಿಸಾಣಿಕೆ ಇವತ್ತು ಯಾರಿಗೆ ಬೇಕಾದರೂ ಕೇಳಸಿಗುತ್ತದೆ. ನಾನು ಕೇಳಿದ್ದು ನಗರ ಸಾರಿಗೆ ಬಸ್ಸಿನಲ್ಲಿ, ಫೋನಿನಲ್ಲಿ, ಕಾಲೇಜಿಗೆ ಹೋಗುವಾಗ. ಅದರ ಎಡಗೈ ಕೆಲಸ ಎಷ್ಟು ದಟ್ಟವೆಂದರೆ ಸ್ಟಾಪ್ ದಾಟಿಹೋಯಿತು.

ಆ ರೆಕಾರ್ಡುಗಳು ಮೈಸೂರಿಗೆ ಬಂದ ದಿನ ಹೇಗಿತ್ತೋ ಎಂದು ನಾನು ಆಗಾಗ ಯೋಚಿಸುತ್ತೇನೆ. ತಾನು ಕೂರಬೇಕೆಂದುಕೊಂಡಿದ್ದ ಜಾಗದಲ್ಲಿ ಇನ್ನೊಬ್ಬರು ಕೂತು ನುಡಿಸಿದ್ದಾರೆ. ಕೂರಿಸಿದ್ದು ತಾನೇ.

ಲೆಗ್ ಆಗ ಲಂಡನ್ನಿನಲ್ಲಿ ಫಿಲ್ಹಾರ್ಮೋನಿಯ ಎಂಬ ಆರ್ಕೆಸ್ಟ್ರಾ ಕಟ್ಟಿದ್ದರು. ಅದು ಕಾಲೂರಿ ನಿಲ್ಲಲೆಂದು ಮಹಾರಾಜರು ಮೂರು ವರ್ಷಕ್ಕೆ ವರ್ಷಕ್ಕೆ 10,000 ಪೌಂಡ್‌ನಂತೆ ಕೊಡಲು ಒಪ್ಪಿದರು. 1948ರಲ್ಲಿ ಫಿಲ್ಹಾರ್ಮೋನಿಯ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರೂ ಅವರೇ ಆದರು. ಕಾರಾಯಾನ್ ಎಂಬ ಯುವ ಸಂಗೀತ ನಿರ್ದೇಶಕ ಆ ಆರ್ಕೆಸ್ಟ್ರಾದೊಂದಿಗೆ ಮಾಡಿದ ಕೆಲವು ರೆಕಾರ್ಡುಗಳ ಹಿಂದೆಯೂ ಮೈಸೂರಿನ ಹಣವಿದೆ.

ಇದನ್ನೆಲ್ಲ ಓದಿ ಉಬ್ಬಿಹೋಗಿ ಅಪ್ಪನಿಗೆ ಹೇಳಿದೆ. ಅವರು ಸುಮ್ಮನೆ ಕೇಳಿ, ದುಡ್ಡು ಯಾರದು ಎಂದು ಒಂದೇ ಪ್ರಶ್ನೆ ಕೇಳಿದರು. ನನಗೆ ಸ್ವಲ್ಪ ಚುಚ್ಚಿತು. ಆಮೇಲೆ ಲೆಕ್ಕ ಹಾಕಿದೆ. ಆಗ ಒಂದು ಪೌಂಡ್‌ಗೆ 13 ರೂಪಾಯಿ ಚಿಲ್ಲರೆ. ಅಂದರೆ ವರ್ಷಕ್ಕೆ ಸುಮಾರು 1.33 ಲಕ್ಷ ರೂಪಾಯಿ, ಆ ಕಾಲದಲ್ಲಿ. ಮೆಟ್ನರ್ ಲಂಡನ್ನಿನಲ್ಲಿ ರೆಕಾರ್ಡ್ ಮಾಡಿದ ಅದೇ 1947ರಲ್ಲಿ ಮೈಸೂರಿನ ಬೀದಿಗಳಲ್ಲಿ ಜವಾಬ್ದಾರಿ ಸರ್ಕಾರಕ್ಕಾಗಿ ಜನ ಹೋರಾಡುತ್ತಿದ್ದರು. ಮೈಸೂರು ಚಲೋ ಎಂದು ನಾವು ಹೈಸ್ಕೂಲಿನಲ್ಲಿ ಓದಿದ್ದು ಅದೇ. ಆಗಸ್ಟ್ 9ರಂದು ಒಕ್ಕೂಟಕ್ಕೆ ಸೇರುವ ಒಪ್ಪಂದಕ್ಕೆ ಮಹಾರಾಜರು ಸಹಿ ಹಾಕಿದ್ದರೂ, ಅಧಿಕಾರ ಜನರ ಕೈಗೆ ಬರಲು ಸತ್ಯಾಗ್ರಹವೇ ಬೇಕಾಯಿತು. ಅಕ್ಟೋಬರ್ 25ರಂದು ಕೆ.ಸಿ. ರೆಡ್ಡಿಯವರ ಸರ್ಕಾರ ಬಂತು. ಈ ಎರಡನ್ನೂ ಒಂದೇ ಪುಟದಲ್ಲಿ ಬರೆಯದಿದ್ದರೆ ನಾನು ಅಪ್ಪನ ಪ್ರಶ್ನೆಗೆ ಮೋಸ ಮಾಡಿದ ಹಾಗೆ. ರಾಜರಾಗಿದ್ದರಿಂದ ಪಿಯಾನೊ ಹೋಯಿತು ನಿಜ, ರಾಜರಾಗಿದ್ದರಿಂದಲೇ ಒಂದು ಆರ್ಕೆಸ್ಟ್ರಾವನ್ನೇ ನಿಲ್ಲಿಸಲು ಆಯಿತು ಎನ್ನುವುದೂ ನಿಜ. ನಮ್ಮಲ್ಲಿ ಪಿಯಾನೊ ಬಿಟ್ಟವರಿಗೆ ಆ ಸೌಕರ್ಯ ಇಲ್ಲ.

1950ರ ಜನವರಿ 26ರಿಂದ ಅವರು ರಾಜಪ್ರಮುಖರು. ಆ ವರ್ಷ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ರಿಚರ್ಡ್ ಸ್ಟ್ರಾಸ್ ಅವರ ಕೊನೆಯ ನಾಲ್ಕು ಗೀತೆಗಳ ಮೊದಲ ಪ್ರದರ್ಶನವಾಯಿತು. ಬರೆದ ಸ್ಟ್ರಾಸ್ ಹಿಂದಿನ ಸೆಪ್ಟೆಂಬರ್‌ನಲ್ಲಿ ತೀರಿಕೊಂಡಿದ್ದರು. ಹಾಡಿದವರು ಕರ್ಸ್ಟನ್ ಫ್ಲಾಗ್‌ಸ್ಟಾಡ್, ನಿರ್ದೇಶನ ಫುರ್ಟ್‌ವೆಂಗ್ಲರ್, ನುಡಿಸಿದ್ದು ಫಿಲ್ಹಾರ್ಮೋನಿಯ. ಆ ಕಛೇರಿಗೆ 4,800 ಡಾಲರ್ ಖಾತರಿ ಕೊಟ್ಟವರು ಜಯಚಾಮರಾಜರು. ಪ್ರತಿಯಾಗಿ ಕೇಳಿದ್ದು ಒಂದೇ, ಅದನ್ನು ಧ್ವನಿಮುದ್ರಿಸಿ ಮೈಸೂರಿಗೆ ಕಳಿಸಬೇಕು. ಅವರು ಅಲ್ಲಿರಲಿಲ್ಲ. ಆ ಮುದ್ರಣ ಈಗಲೂ ಸಿಗುತ್ತದೆ. ಕರಕರ ಸದ್ದು, ಹಳೆಯ ತಗಡಿನ ಮೇಲೆ ಮಳೆ ಬಿದ್ದ ಹಾಗೆ, ಅದರ ಹಿಂದಿನಿಂದ ಆ ದೊಡ್ಡ ಧ್ವನಿ. ಕಾರ್ಡುಗಳು ಎಷ್ಟು ನಿಧಾನ ಬದಲಾಗುತ್ತವೆ ಎಂದರೆ ಬದಲಾದ ಮೇಲೆ ಗೊತ್ತಾಗುತ್ತದೆ.

ಅವರ ಒಬ್ಬ ತಂಗಿ ವಿಜಯಾದೇವಿಯವರೂ ಪಿಯಾನೊ ಕಲಿತವರು. ನ್ಯೂಯಾರ್ಕ್‌ನಲ್ಲಿ ಎಡ್ವರ್ಡ್ ಸ್ಟೊಯರ್‌ಮನ್ ಅವರ ಹತ್ತಿರ ಪಾಠ ಮಾಡಿಸಿಕೊಂಡು ಬಂದು, ಬೆಂಗಳೂರಿನಲ್ಲಿ ಇಂಟರ್‌ನ್ಯಾಷನಲ್ ಮ್ಯೂಸಿಕ್ ಅಂಡ್ ಆರ್ಟ್ಸ್ ಸೊಸೈಟಿ ಕಟ್ಟಿದರು. ಅಣ್ಣನಿಗೆ ಸಿಗದ ದಾರಿ ತಂಗಿಗೆ ಸಿಕ್ಕಿತು. ಅವರ ಕಥೆಯನ್ನು ಬೇರೆಯಾಗಿಯೇ ಬರೆಯಬೇಕು.

ನನಗೆ ಅತಿ ಆಶ್ಚರ್ಯವಾದದ್ದು ಬೇರೆ. ಪಾಶ್ಚಾತ್ಯ ಸಂಗೀತದಲ್ಲಿ ಇಷ್ಟು ಮುಳುಗಿದ್ದ ಮನುಷ್ಯ, ಸ್ವಂತ ಕೃತಿ ರಚನೆಗೆ ಕೂತಾಗ ಪಿಯಾನೊ ಕಡೆ ಹೋಗಲಿಲ್ಲ. 1940ರ ದಶಕದಲ್ಲಿ ಕರ್ನಾಟಕ ಸಂಗೀತದ ಕಡೆ ತಿರುಗಿದರು. ವಾಸುದೇವಾಚಾರ್ಯರಂಥವರ ಒಡನಾಟವಿತ್ತು, ಶ್ರೀವಿದ್ಯೆಯ ಉಪಾಸನೆಯೂ ಇತ್ತು. ಶ್ರೀವಿದ್ಯಾ ಎಂಬ ಅಂಕಿತದಲ್ಲಿ 94 ಕೃತಿಗಳನ್ನು ಸಂಸ್ಕೃತದಲ್ಲಿ ರಚಿಸಿದರು. 94ಕ್ಕೂ ಬೇರೆ ಬೇರೆ ರಾಗ. ಕೆಲವು ರಾಗಗಳಲ್ಲಿ ಅವರಿಗಿಂತ ಮೊದಲು ಯಾರೂ ಕೃತಿ ಮಾಡಿರಲಿಲ್ಲ. ಅಠಾಣ ರಾಗದ ಗಣಪತಿ ಕೃತಿಯನ್ನು ನೀವು ಗಣೇಶನ ಪೆಂಡಾಲ್‌ನಲ್ಲಿ ಖಂಡಿತ ಕೇಳಿರುತ್ತೀರಿ, ಮಾಡಿದ್ದು ಯಾರೆಂದು ಗೊತ್ತಿರದೆ. ಈ ಕೃತಿಗಳಲ್ಲಿ ಕಾರ್ಡಿನ ನೆರಳೂ ಇಲ್ಲ. ಎರಡು ಸಂಗೀತವನ್ನು ಕಲಸಿ ಏನಾದರೂ ಹೊಸದು ಮಾಡೋಣ ಎಂಬ ಚಪಲ ಅವರಿಗೆ ಬಂದಂತಿಲ್ಲ.

ಆ ಚಪಲ ನನಗೆ ಬಂತು. ಗಂಭೀರನಾಟ ರಾಗದಲ್ಲಿ ಅವರದೊಂದು ಕೃತಿ ಇದೆ. ಆ ರಾಗದಲ್ಲಿ ಐದೇ ಸ್ವರ: ಸ, ಗ, ಮ, ಪ, ನಿ. ರಿ ಇಲ್ಲ, ಧ ಇಲ್ಲ. ಸಿಯನ್ನು ಸ ಎಂದಿಟ್ಟುಕೊಂಡರೆ ಸಿ, ಇ, ಎಫ್, ಜಿ, ಬಿ. ಡಿ ಮೈನರ್ ಸೆವೆನ್ ಕಾರ್ಡ್ ಪೂರ್ತಿ ನುಡಿಸಿದರೆ ರಿ ಮತ್ತು ಧ ಬಂದು ರಾಗ ಕೆಡುತ್ತದೆ. ಆದರೆ ಸರ್ ಉಳಿಸಿದ್ದ ಆ ಎರಡು ಬೆರಳನ್ನು ನೆನಪಿಸಿಕೊಳ್ಳಿ. ಎಫ್ ಮತ್ತು ಸಿ, ಎಫ್ ಮತ್ತು ಬಿ, ಇ ಮತ್ತು ಬಿ. ಅಂದರೆ ಮ–ಸ, ಮ–ನಿ, ಗ–ನಿ. ಎಲ್ಲವೂ ಗಂಭೀರನಾಟದ ಒಳಗೇ ಇವೆ! ಮೂಲ ಸ್ವರ ಬಿಟ್ಟು ನುಡಿಸಿದರೆ ಜಾಝ್‌ನ ಎರಡು–ಐದು–ಒಂದು ರಾಗದ ಬೇಲಿ ದಾಟುವುದೇ ಇಲ್ಲ. ಇದು ಹೊಳೆದಾಗ ರಾತ್ರಿ ಹನ್ನೊಂದೂವರೆ. ಯಾರಿಗೆ ಹೇಳುವುದು? ಬೆಳಗಾಗುವವರೆಗೆ ಕಾದು ಅಜ್ಜಿಯ ಮುಂದೆ ಕೀಬೋರ್ಡ್ ಇಟ್ಟುಕೊಂಡೆ. ಬಲಗೈಯಲ್ಲಿ ಪಲ್ಲವಿ, ಎಡಗೈಯಲ್ಲಿ ನನ್ನ ಶೋಧನೆ. ಅಜ್ಜಿ ಬಿಡಿಸುತ್ತಿದ್ದ ಅವರೆಕಾಯಿ ನಿಲ್ಲಿಸಿ ಕೇಳಿದರು. ಸಿನಿಮಾದಲ್ಲಿ ದೇವಸ್ಥಾನ ತೋರಿಸುವಾಗ ಬರುವ ಹಾಗಿದೆ ಎಂದರು. ಹೊಗಳಿಕೆಯಾ ಎಂದು ಕೇಳಿದರೆ ಉತ್ತರವಿಲ್ಲ. ಮತ್ತೆ ಅವರೆಕಾಯಿ.

ಸರ್ ಕೇಳಿದ ಮೇಲೆ ತಪ್ಪು ಎಲ್ಲಿದೆ ಎಂದು ಗೊತ್ತಾಯಿತು. ಕೃತಿಯ ಮ ನಿಂತ ಸ್ವರವಲ್ಲ, ಗಮಕದಲ್ಲಿ ಗ ಕಡೆಗೆ ತೂಗುತ್ತಲೇ ಇರುತ್ತದೆ. ನನ್ನ ಎಡಗೈ ಅದಕ್ಕೆ ಮೊಳೆ ಹೊಡೆದು ನಿಲ್ಲಿಸುತ್ತಿತ್ತು. ಎಡಗೈ ತೆಗೆದು ಬರೀ ಸ ಮತ್ತು ಪ ಹಿಡಿದು ನುಡಿಸಲು ಹೇಳಿದರು. ಹಾಗೆ ನುಡಿಸಿದಾಗ ಕೃತಿ ಉಸಿರಾಡಿತು. ಜಯಚಾಮರಾಜರಿಗೆ ಇದು ನನಗಿಂತ ಬಹಳ ಮೊದಲೇ ಗೊತ್ತಿತ್ತು. ಎರಡನ್ನೂ ಬಲ್ಲವರಾದ್ದರಿಂದಲೇ ಎರಡನ್ನೂ ದೂರ ಇಟ್ಟರು ಎಂಬುದು ನನ್ನ ಊಹೆ. ಆದರೂ ಆ ಎರಡು ಬೆರಳಿನ ಲೆಕ್ಕವನ್ನು ನಾನು ಬಿಟ್ಟಿಲ್ಲ. ಕೃತಿಗೆ ಬೇಡ, ಅದೇ ಐದು ಸ್ವರದಲ್ಲಿ ನನ್ನದೇ ಒಂದು ಟ್ಯೂನ್ ಮಾಡುತ್ತಿದ್ದೇನೆ. ಹದಿನಾರು ಬಾರ್ ಆಗಿದೆ.

ಮುಂದಿನ ವರ್ಷಗಳನ್ನು ಬೇಗ ಹೇಳಿಬಿಡಬಹುದು. 1956ರಲ್ಲಿ ಕನ್ನಡ ನಾಡು ಒಂದಾದಾಗ ಅವರು ಹೊಸ ಮೈಸೂರು ರಾಜ್ಯದ ಮೊದಲ ರಾಜ್ಯಪಾಲರಾದರು. 1964ರಿಂದ 66ರವರೆಗೆ ಮದ್ರಾಸಿನ ರಾಜ್ಯಪಾಲರು. ತತ್ತ್ವಶಾಸ್ತ್ರದ ಬಗ್ಗೆ ಬರೆದರು, ಸಂಸ್ಕೃತ ಗ್ರಂಥಗಳನ್ನು ಕನ್ನಡಕ್ಕೆ ತರಿಸಿದರು. 1971ರಲ್ಲಿ ರಾಜಧನ ರದ್ದಾಯಿತು. 1974ರ ಸೆಪ್ಟೆಂಬರ್ 23ರಂದು ಬೆಂಗಳೂರಿನಲ್ಲಿ ತೀರಿಕೊಂಡರು, 55ನೆಯ ವಯಸ್ಸಿನಲ್ಲಿ. ಅದು ಸಣ್ಣ ವಯಸ್ಸು ಎಂದು ನನಗೆ ಅನ್ನಿಸಿದ್ದು ಅಪ್ಪನಿಗೆ ಈಗ 52 ಎಂದು ನೆನಪಾದಾಗ.

ಅವರೆಕಾಯಿಯ ದಿನವೇ ಅಜ್ಜಿಯನ್ನು ಮಹಾರಾಜರನ್ನು ನೋಡಿದ್ದೀರಾ ಎಂದು ಕೇಳಿದ್ದೆ. ನೋಡದೆ ಇರುತ್ತೇನಾ ಎಂಬಂತೆ ನನ್ನ ಕಡೆ ನೋಡಿದರು. ಆಗ ವಿಜಯದಶಮಿಯ ದಿನ ಅಂಬಾರಿಯಲ್ಲಿ ಕೂರುತ್ತಿದ್ದುದು ಮಹಾರಾಜರೇ. ಮೆರವಣಿಗೆ ಅರಮನೆಯಿಂದ ಹೊರಟು ನಮ್ಮ ಬನ್ನಿಮಂಟಪಕ್ಕೆ ಬರುತ್ತಿತ್ತು, ಬನ್ನಿ ಮರದ ಪೂಜೆಗೆ. ಅಜ್ಜಿ ಎಂಟೊಂಬತ್ತು ವರ್ಷದ ಹುಡುಗಿ, ಅವರಪ್ಪನ ಹೆಗಲ ಮೇಲಿದ್ದರಂತೆ. ಜನ ಕೂಗುತ್ತಿದ್ದರಂತೆ. ದಪ್ಪ ಮೈಯ ಮಹಾರಾಜರು ಆನೆಯ ಮೇಲಿಂದ ಎರಡೂ ಕಡೆ ತಿರುಗಿ ತಿರುಗಿ ಕೈ ಮುಗಿಯುತ್ತಿದ್ದರಂತೆ. ಕೈಯ ತುಂಬ ಉಂಗುರವಿತ್ತಾ ಎಂದು ಕೇಳಿದೆ. ಅದು ನೆನಪಿಲ್ಲ, ಕೈ ಮಾತ್ರ ನೆನಪಿದೆ ಎಂದರು.

ಕೀಬೋರ್ಡ್ ಈಗ ಅಟ್ಟದ ಮೇಲೆ ಇಲ್ಲ, ಮೇಜಿನ ಮೇಲೂ ಇಲ್ಲ. ಅಪ್ಪ ಮತ್ತು ನಾನು ಒಂದು ಒಪ್ಪಂದಕ್ಕೆ ಬಂದಿದ್ದೇವೆ. ಹಗಲಿಡೀ ಅದು ಬೀರುವಿನ ಮೇಲೆ ಬಟ್ಟೆ ಸುತ್ತಿಕೊಂಡಿರುತ್ತದೆ. ರಾತ್ರಿ ಒಂಬತ್ತೂವರೆಗೆ, ಆ ದಿನದ ಆಪ್ಟಿಟ್ಯೂಡ್ ಲೆಕ್ಕ ಮುಗಿದಿದ್ದರೆ ಮಾತ್ರ, ಕೆಳಗಿಳಿಯುತ್ತದೆ, 45 ನಿಮಿಷ. ಇಳಿಸಿಕೊಡುವುದು ಡ್ಯೂಟಿ ಮುಗಿಸಿ ಬಂದ ಅಪ್ಪನೇ, ನನಗೆ ಅಷ್ಟು ಎತ್ತರ ಕೈ ಎಟುಕುವುದಿಲ್ಲ. ಎರಡು–ಐದು–ಒಂದು ಒಂಬತ್ತು ಶ್ರುತಿಗಳಲ್ಲಿ ಕೈಗೆ ಬಂದಿದೆ. ಉಳಿದಿರುವುದು ಮೂರು, ಅದರಲ್ಲಿ ಎಫ್ ಶಾರ್ಪ್ ಒಂದು ತಲೆನೋವು.